ನೈಟ್ರೇಟ್ ಇಳಿಯಿತು, ಏರಿದ್ದೇನು?

ಹವಳದ ಅಕ್ವೇರಿಯಂ ಇಟ್ಟವರ ಮನೆಯಲ್ಲಿ ಪುಟ್ಟ ಗಾಜಿನ ಕೊಳವೆಗಳೂ ಹನಿ ಶೀಶೆಗಳೂ ತುಂಬಿದ ಪೆಟ್ಟಿಗೆಯೊಂದು ಇದ್ದೇ ಇರುತ್ತದೆ. ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಕೊಳವೆಗೆ ತುಂಬಿ, ನಾಲ್ಕು ಹನಿ ಬಿಟ್ಟು, ಏರಿದ ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿ ನೈಟ್ರೇಟ್ ಇಷ್ಟು, ಫಾಸ್ಫೇಟ್ ಇಷ್ಟು ಎಂದು ಬರೆದಿಡುತ್ತಾರೆ. ಅಂಕಿ ಇಳಿದರೆ ಸಮಾಧಾನ, ಏರಿದರೆ ಕಳವಳ. ಅದೇ ನೀರಿನಲ್ಲಿ ಕರಗಿರುವ ಸಾವಯವ ಇಂಗಾಲ ಎಷ್ಟು ಎಂಬುದನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಅದನ್ನು ಅಳೆಯುವ ಹನಿ ಶೀಶೆ ಅಂಗಡಿಯಲ್ಲಿ ಸಿಗುವುದಿಲ್ಲ; ಅದಕ್ಕೆ ಪ್ರಯೋಗಾಲಯದ ಯಂತ್ರವೇ ಬೇಕು. ನೈಟ್ರೇಟ್ ಇಳಿಸಲೆಂದು ಹವಳದ ತೊಟ್ಟಿಗೆ ಘನ ಇಂಗಾಲದ ಪೆಲೆಟ್‌ಗಳನ್ನು ಹಾಕುವ ರೂಢಿಯ ಬಗ್ಗೆ ನನಗಿರುವ ತಕರಾರಿಗೂ, ಆ ರೂಢಿಯ ಪರವಾಗಿ ನಾನು ಆಡಬಹುದಾದ ಮಾತಿಗೂ ಈ ಒಂದು ಕೊರತೆಯೇ ಮೂಲ.

ಮೊದಲು ತೊಂದರೆ ಏನೆಂದು ನೋಡೋಣ. ಸಮುದ್ರದ ಮೀನಿಗೆ ಹಾಕುವ ಒಣ ಆಹಾರದಲ್ಲಿ ಅರ್ಧದ ಹತ್ತಿರ ಪ್ರೋಟೀನ್ ಇರುತ್ತದೆ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ 16 ಸಾರಜನಕ. 400 ಲೀಟರಿನ ತೊಟ್ಟಿಗೆ ದಿನಕ್ಕೆ 2 ಗ್ರಾಂ ಆಹಾರ ಬಿದ್ದರೆ, ಅದರಲ್ಲಿರುವ ಸಾರಜನಕವೆಲ್ಲ ನೈಟ್ರೇಟ್ ಆಯಿತೆಂದು ಇಟ್ಟುಕೊಂಡರೆ, ನೀರಿನಲ್ಲಿ ದಿನಕ್ಕೆ ಒಂದೂವರೆ ಪಿಪಿಎಂ (ಅಂದರೆ ಲೀಟರಿಗೆ ಒಂದೂವರೆ ಮಿಲಿಗ್ರಾಂ) ಸೇರುತ್ತದೆ. ತಿಂಗಳಿಗೆ 45ರ ಮೇಲೆ. ಒಂದಿಷ್ಟು ಸಾರಜನಕ ಮೀನಿನ ಮೈಗೆ ಹತ್ತುತ್ತದೆ, ಒಂದಿಷ್ಟನ್ನು ಕಲ್ಲುಗಳ ಒಳಗಿನ ಬ್ಯಾಕ್ಟೀರಿಯಾಗಳು ಅನಿಲವಾಗಿಸಿ ಬಿಡುತ್ತವೆ, ಆದ್ದರಿಂದ ಲೆಕ್ಕ ಇಷ್ಟು ಕಠೋರವಾಗಿ ನಡೆಯುವುದಿಲ್ಲ. ಆದರೂ ದಿಕ್ಕು ಇದೇ. ಸಮುದ್ರದಲ್ಲಿ ಅಲೆ ಬಂದು ಕೊಚ್ಚಿಕೊಂಡು ಹೋಗುವುದು ತೊಟ್ಟಿಯಲ್ಲಿ ಕೂತುಬಿಡುತ್ತದೆ. ಹವಳದ ದಿಬ್ಬಗಳ ಸುತ್ತಲಿನ ನೀರಿನಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಪಿಪಿಎಂನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಹೀಗಿರುವಾಗ ಇಪ್ಪತ್ತು, ಮೂವತ್ತು ಎಂಬ ಅಂಕಿ ಕಂಡವರು ಕಂಗಾಲಾಗುವುದು ಸಹಜ.

ಪರಿಹಾರದ ಹಿಂದಿನ ತತ್ವ ಸರಳ. ನಮ್ಮ ರೈತರಿಗೆ ಅದು ಬೇರೊಂದು ರೂಪದಲ್ಲಿ ಗೊತ್ತಿದೆ. ಕೊಳೆಯದ ಒಣ ಹುಲ್ಲನ್ನೋ ಮರದ ಹೊಟ್ಟನ್ನೋ ಹೊಲಕ್ಕೆ ಉತ್ತುಬಿಟ್ಟರೆ ಮೊದಲ ಕೆಲವು ವಾರ ಪೈರು ಹಳದಿ ತಿರುಗುತ್ತದೆ. ಹುಲ್ಲಿನ ತುಂಬ ಇಂಗಾಲ, ಸಾರಜನಕ ಅತ್ಯಲ್ಪ; ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಮಣ್ಣಿನಲ್ಲಿದ್ದ ಸಾರಜನಕವನ್ನು ಎಳೆದುಕೊಳ್ಳುತ್ತವೆ, ಬೆಳೆಗೆ ಏನೂ ಉಳಿಯುವುದಿಲ್ಲ. ರೈತನಿಗೆ ನಷ್ಟವಾದ ಇದೇ ಸಂಗತಿ ಅಕ್ವೇರಿಯಂ ಇಟ್ಟವನಿಗೆ ಲಾಭ. ತೊಟ್ಟಿಯಲ್ಲಿ ಸಾರಜನಕ ಹೇರಳ, ಬ್ಯಾಕ್ಟೀರಿಯಾ ತಿನ್ನಬಲ್ಲ ಇಂಗಾಲ ಕಡಿಮೆ. ಇಂಗಾಲ ಕೊಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ನೈಟ್ರೇಟ್ ಫಾಸ್ಫೇಟ್‌ಗಳನ್ನು ಮೈಗೆ ಸೇರಿಸಿಕೊಳ್ಳುತ್ತವೆ. ಆ ಬ್ಯಾಕ್ಟೀರಿಯಾಗಳನ್ನು ನೊರೆ ಎಬ್ಬಿಸುವ ಸ್ಕಿಮ್ಮರ್ ಹಿಡಿದು ಹೊರಗೆ ಹಾಕಬೇಕು.

ಇದೇ ಜೀವರಸಾಯನವನ್ನು ಮೀನು, ಸಿಗಡಿ ಸಾಕುವವರು ಬಯೋಫ್ಲಾಕ್ ಎಂಬ ಹೆಸರಿನಲ್ಲಿ ಬಳಸುತ್ತಾರೆ. ಇಸ್ರೇಲಿನ ಯೋರಾಮ್ ಅವ್ನಿಮೆಲೆಕ್ 1999ರಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣವನ್ನು ಹಿಡಿತದಲ್ಲಿಟ್ಟು ಕೊಳದ ಅಮೋನಿಯಾ ಇಳಿಸುವ ಬಗೆಯನ್ನು ವಿವರಿಸಿದರು. ನಮ್ಮಲ್ಲಿ ಟಾರ್ಪಾಲಿನ್ ತೊಟ್ಟಿ ಕಟ್ಟಿ ಬಯೋಫ್ಲಾಕ್ ಮಾಡುವವರು ಅದಕ್ಕೆ ಬೆಲ್ಲವನ್ನೋ ಕಾಕಂಬಿಯನ್ನೋ ಕರಗಿಸಿ ಸುರಿಯುತ್ತಾರೆ. ಅಲ್ಲಿ ಬೆಳೆದ ಬ್ಯಾಕ್ಟೀರಿಯಾದ ಹೆಪ್ಪನ್ನು ಮೀನೇ ತಿನ್ನುತ್ತದೆ, ಖರ್ಚು ಉಳಿಯುತ್ತದೆ, ನೀರು ಕೆಸರಿನ ಬಣ್ಣಕ್ಕೆ ತಿರುಗಿದರೂ ಯಾರಿಗೂ ಚಿಂತೆಯಿಲ್ಲ. ಹವಳದ ತೊಟ್ಟಿಯ ನೀರು ಗಾಜಿನಂತಿರಬೇಕು. ಅದರ ಮುಖ್ಯ ನಿವಾಸಿ ಜಾಗ ಬಿಟ್ಟು ಕದಲುವ ಹಾಗಿಲ್ಲ. ತಿಲಾಪಿಯಾ ಮೀನು ತಾಳಿಕೊಳ್ಳುವುದನ್ನು ಅಕ್ರೊಪೊರಾ ಹವಳ ತಾಳಿಕೊಳ್ಳುವುದಿಲ್ಲ. ಬೆಲ್ಲದ ವಿದ್ಯೆಯನ್ನು ಹಾಗೆಯೇ ಇಲ್ಲಿಗೆ ತರಲು ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಆದರೂ ತಂದರು. ಈ ಶತಮಾನದ ಆರಂಭದಲ್ಲಿ ಜರ್ಮನಿಯ ಹವ್ಯಾಸಿಗಳು ತೊಟ್ಟಿಗೆ ವೋಡ್ಕಾ ಹನಿಸಲು ತೊಡಗಿದರು. ಎಥನಾಲ್ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಊಟ, ಅದರಲ್ಲಿ ಸಾರಜನಕವಾಗಲಿ ರಂಜಕವಾಗಲಿ ಇಲ್ಲ. ಬೇರೆಡೆ ವಿನಿಗರ್, ಸಕ್ಕರೆ ಬಂದವು. ದ್ರವ ಇಂಗಾಲದ ಕಷ್ಟವೆಂದರೆ ದಿನವೂ ಅಳೆದು ಹಾಕಬೇಕು, ಒಂದು ದಿನ ಕೈ ಜಾರಿದರೆ ರಾತ್ರಿಯೊಳಗೆ ನೀರು ಹಾಲಿನಂತಾಗಿ ಮೀನು ಉಸಿರಿಗೆ ಬಾಯಿ ಬಿಡುತ್ತವೆ. 25 ಡಿಗ್ರಿಯ ಸಮುದ್ರದ ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕವೇ ಲೀಟರಿಗೆ 7 ಮಿಲಿಗ್ರಾಂನಷ್ಟಿಲ್ಲ, ಸಿಹಿನೀರಿಗಿಂತ ಕಡಿಮೆ. ಬ್ಯಾಕ್ಟೀರಿಯಾಗಳ ಜಾತ್ರೆ ಎದ್ದರೆ ಅದು ಕೆಲವು ಗಂಟೆಗಳಲ್ಲಿ ಖಾಲಿಯಾಗಬಹುದು.

ಘನ ಇಂಗಾಲ ಈ ಭಯಕ್ಕೆ ಉತ್ತರವಾಗಿ ಬಂತು. ಅದರ ಮೂಲವಸ್ತು ಹಳೆಯದು. ಫ್ರೆಂಚ್ ವಿಜ್ಞಾನಿ ಮೋರಿಸ್ ಲೆಮ್ವಾನ್ 1926ರಲ್ಲಿ ಬ್ಯಾಸಿಲಸ್ ಮೆಗಟೇರಿಯಂ ಎಂಬ ಬ್ಯಾಕ್ಟೀರಿಯಾದ ಒಳಗೆ ಪಾಲಿಹೈಡ್ರಾಕ್ಸಿಬ್ಯುಟಿರೇಟ್ ಎಂಬ ಪಾಲಿಮರನ್ನು ಗುರುತಿಸಿದ್ದ. ಇದನ್ನು ಪಿಎಚ್‌ಬಿ ಎಂದು ಕರೆಯೋಣ. ನಾವು ಕೊಬ್ಬನ್ನು ಕೂಡಿಡುವಂತೆ ಇಂಗಾಲ ಸಿಕ್ಕಾಪಟ್ಟೆ ಸಿಕ್ಕಾಗ ಬ್ಯಾಕ್ಟೀರಿಯಾಗಳು ಅದನ್ನು ಪಿಎಚ್‌ಬಿ ಕಣಗಳಾಗಿ ಮೈಯೊಳಗೆ ಕೂಡಿಡುತ್ತವೆ. ಬ್ಯಾಕ್ಟೀರಿಯಾ ಕಟ್ಟಿದ ಪ್ಲಾಸ್ಟಿಕ್ ಆದ್ದರಿಂದ ಅದನ್ನು ಬಿಚ್ಚುವ ಕಿಣ್ವಗಳೂ ಬ್ಯಾಕ್ಟೀರಿಯಾಗಳಲ್ಲಿವೆ. 2000ದಲ್ಲಿ ಸ್ಟುಟ್‌ಗಾರ್ಟಿನ ಏಂಜೆಲಾ ಬೋಲೆ ಮತ್ತು ಸಂಗಡಿಗರು ನೀರನ್ನು ಮರುಬಳಸುವ ಮೀನು ಸಾಕಣೆಯಲ್ಲಿ ಪಿಎಚ್‌ಬಿ, ಪಾಲಿಕ್ಯಾಪ್ರೊಲ್ಯಾಕ್ಟೋನ್ ಮುಂತಾದ ಪೆಲೆಟ್‌ಗಳನ್ನು ಬಳಸಿ ನೈಟ್ರೇಟ್ ತೆಗೆದು ತೋರಿಸಿದರು. ಆಹಾರವೂ ಅದೇ, ಬ್ಯಾಕ್ಟೀರಿಯಾ ಅಂಟಿ ಕೂರುವ ನೆಲೆಯೂ ಅದೇ. ಅದಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಇಂಥ ಪೆಲೆಟ್‌ಗಳು ಯುರೋಪಿನ ಅಕ್ವೇರಿಯಂ ಅಂಗಡಿಗಳಿಗೆ ಬಂದು, ಅಲ್ಲಿಂದ ಎಲ್ಲೆಡೆ ಹರಡಿದವು. ಇದ್ದಿಲಿನ ಆಕ್ಟಿವೇಟೆಡ್ ಕಾರ್ಬನ್‌ಗೂ ಇದಕ್ಕೂ ಸಂಬಂಧವಿಲ್ಲ. ಇದ್ದಿಲು ಹೀರುತ್ತದೆ, ಇದು ತಿನ್ನಿಸಿಕೊಳ್ಳುತ್ತದೆ.

ಪೆಲೆಟ್ ಮಾರುವವರ ಮಾತು ಆಕರ್ಷಕ. ನೀರಿನಲ್ಲಿ ಕರಗದ ವಸ್ತು, ಬ್ಯಾಕ್ಟೀರಿಯಾ ತನಗೆ ಬೇಕಾದಷ್ಟನ್ನೇ ಕೆರೆದು ತಿನ್ನುತ್ತದೆ, ನೈಟ್ರೇಟ್ ಮುಗಿದರೆ ತಿನ್ನುವುದನ್ನೂ ನಿಲ್ಲಿಸುತ್ತದೆ, ಆದ್ದರಿಂದ ಮಿತಿಮೀರುವ ಪ್ರಶ್ನೆಯೇ ಇಲ್ಲ, ನೈಟ್ರೇಟ್ ಫಾಸ್ಫೇಟ್ ಎರಡೂ ಜೊತೆಯಾಗಿ ಇಳಿಯುತ್ತವೆ. ಕೇಳಲು ಹಿತವಾಗಿರುವ ಈ ಮಾತಿನ ಪ್ರತಿ ತುಂಡಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಕಾಗದ ಪೆನ್ಸಿಲ್ ಹಿಡಿದು ಹುಡುಕಬಹುದು.

ಅದೇ 400 ಲೀಟರಿನ ತೊಟ್ಟಿ ತೆಗೆದುಕೊಳ್ಳಿ. ನೈಟ್ರೇಟ್ 20, ಫಾಸ್ಫೇಟ್ 0.1 ಪಿಪಿಎಂ ಇದೆ. ನೈಟ್ರೇಟನ್ನು ಹತ್ತಕ್ಕೆ ಇಳಿಸಬೇಕು. ಅಂದರೆ 4 ಗ್ರಾಂ ನೈಟ್ರೇಟ್, ಅದರೊಳಗಿನ ಸಾರಜನಕ ಸುಮಾರು 0.9 ಗ್ರಾಂ. ಅಮೆರಿಕದ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಗಮನಿಸಿ, ಮುಂದೆ ಅವನ ಹೆಸರಿನಲ್ಲೇ ನಿಂತ ಪ್ರಮಾಣದ ಪ್ರಕಾರ ಸಮುದ್ರದ ಪ್ಲಾಂಕ್ಟನ್ನಿನ ಮೈಯಲ್ಲಿ ಪ್ರತಿ 16 ಸಾರಜನಕ ಪರಮಾಣುವಿಗೆ ಒಂದು ರಂಜಕ ಪರಮಾಣು ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ರಂಜಕ ಇನ್ನೂ ಹೆಚ್ಚೇ ಬೇಕು. ಆದರೂ ರೆಡ್‌ಫೀಲ್ಡ್ ಪ್ರಮಾಣವನ್ನೇ ಹಿಡಿದರೆ 10 ಪಿಪಿಎಂ ನೈಟ್ರೇಟ್ ಮೈಗೆ ಸೇರಿಸಿಕೊಳ್ಳಲು ಜೊತೆಗೆ ಸುಮಾರು 1 ಪಿಪಿಎಂ ಫಾಸ್ಫೇಟ್ ಬೇಕು. ತೊಟ್ಟಿಯಲ್ಲಿ ಇರುವುದು ಅದರ ಹತ್ತನೇ ಒಂದು ಭಾಗ! ನೈಟ್ರೇಟ್ 20ರಿಂದ 19ಕ್ಕೆ ಬರುವಷ್ಟರಲ್ಲಿ ಫಾಸ್ಫೇಟ್ ಸೊನ್ನೆಯಾಗಿ ಬ್ಯಾಕ್ಟೀರಿಯಾ ಕೈಕಟ್ಟಿ ಕೂರಬೇಕು. ಆಮೇಲೆ ದಿನದಿನದ ಆಹಾರದಿಂದ ಬರುವ ರಂಜಕವಷ್ಟೇ ಗತಿ.

ವಾಸ್ತವದಲ್ಲಿ ಹೆಚ್ಚಿನವರ ಅನುಭವ ತಿರುಗುಮುರುಗು. ಮೊದಲ ಒಂದೆರಡು ತಿಂಗಳು ಏನೂ ಆಗುವುದಿಲ್ಲ, ಪೆಲೆಟ್ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಬೇಕಲ್ಲ. ಆಮೇಲೆ ನೈಟ್ರೇಟ್ ಸರ್ರನೆ ಇಳಿಯುತ್ತದೆ, ಫಾಸ್ಫೇಟ್ ಮಾತ್ರ ಅಲ್ಲಾಡುವುದಿಲ್ಲ, ಅದಕ್ಕೆಂದು ಬೇರೆಯೇ ಕಬ್ಬಿಣದ ಆಕ್ಸೈಡ್ ಹರಳು ಹಾಕಬೇಕಾಗುತ್ತದೆ. ಲೆಕ್ಕಕ್ಕೂ ಅನುಭವಕ್ಕೂ ನಡುವಿನ ಈ ಅಂತರವೇ ರಿಯಾಕ್ಟರ್, ಅಂದರೆ ಪೆಲೆಟ್ ತುಂಬಿ ನೀರು ಹರಿಸುವ ಡಬ್ಬಿಯ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಹೇಳಿಬಿಡುತ್ತದೆ. ಪದರದ ಆಳದಲ್ಲಿ ಆಮ್ಲಜನಕ ಮುಗಿದಿದೆ; ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟಿನ ಆಮ್ಲಜನಕದಿಂದ ಉಸಿರಾಡಿ ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತಿವೆ. ಈ ದಾರಿಗೆ ಫಾಸ್ಫೇಟ್ ಹೆಚ್ಚು ಬೇಡ, ಇಂಗಾಲವೂ ಅಷ್ಟಾಗಿ ಬೇಡ. ಆ 0.9 ಗ್ರಾಂ ಸಾರಜನಕವನ್ನು ಅನಿಲವಾಗಿಸಲು ಕನಿಷ್ಠ ಒಂದೂವರೆ ಗ್ರಾಂ ಪಿಎಚ್‌ಬಿ ಸಾಕೆಂದು ರಾಸಾಯನಿಕ ಸಮೀಕರಣ ಹೇಳುತ್ತದೆ. ಅದೇ ಸಾರಜನಕವನ್ನು ಮೈಯಾಗಿಸಿಕೊಳ್ಳಲು, ತಿಂದದ್ದರಲ್ಲಿ ಅರ್ಧ ಉಸಿರಾಟಕ್ಕೆ ಹೋಗುತ್ತದೆಂದು ಹಿಡಿದರೆ, ಹತ್ತು ಹದಿನೈದು ಗ್ರಾಂ ಬೇಕು. ಎರಡು ದಾರಿಗಳ ನಡುವೆ ಅಷ್ಟು ವ್ಯತ್ಯಾಸ. ಮಾರುವವರು ಹೇಳುವ ಕಥೆ ಎರಡನೆಯದು, ತೊಟ್ಟಿಯಲ್ಲಿ ಬಹುಪಾಲು ನಡೆಯುವುದು ಮೊದಲನೆಯದು.

ಯಾವ ದಾರಿ ಎಂಬುದನ್ನು ತೀರ್ಮಾನಿಸುವುದು ರಿಯಾಕ್ಟರಿನ ನಲ್ಲಿ. ಪಿಎಚ್‌ಬಿ ಸಮುದ್ರದ ನೀರಿಗಿಂತ ಭಾರ, ಅದರ ಸಾಂದ್ರತೆ 1.25ರಷ್ಟು, ಸುಮ್ಮನಿದ್ದರೆ ತಳಕ್ಕೆ ಕೂರುತ್ತದೆ. ಅದಕ್ಕೇ ಕೆಳಗಿನಿಂದ ಪಂಪಿನ ನೀರು ನುಗ್ಗಿಸಿ ಪೆಲೆಟ್‌ಗಳನ್ನು ಸದಾ ಹೊರಳಾಡಿಸುತ್ತಿರಬೇಕು. ಜೋರಾಗಿ ಹರಿಸಿದರೆ ಆಮ್ಲಜನಕ ಎಲ್ಲೆಡೆ ತಲುಪಿ ಬ್ಯಾಕ್ಟೀರಿಯಾ ಮೈ ಬೆಳೆಸುತ್ತವೆ. ನಿಧಾನ ಮಾಡಿದರೆ ನೈಟ್ರೇಟ್ ಉಸಿರಾಟ. ಇನ್ನೂ ನಿಧಾನವಾಗಿ ಪೆಲೆಟ್ ಹೆಪ್ಪುಗಟ್ಟಿದರೆ ಅಲ್ಲಿ ನೈಟ್ರೇಟೂ ಮುಗಿದು ಸರದಿ ಸಲ್ಫೇಟ್‌ಗೆ ಬರುತ್ತದೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಲೀಟರಿಗೆ 2.7 ಗ್ರಾಂನಷ್ಟು ಇರುವುದರಿಂದ ಅದು ಮುಗಿಯುವ ಮಾತೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಹುಟ್ಟುತ್ತದೆ. ಅದು ವಿಷ. ಪಂಪ್ ಒಂದು ರಾತ್ರಿ ನಿಂತು, ಬೆಳಗ್ಗೆ ಯಾರೋ ಅವಸರದಲ್ಲಿ ಅದನ್ನು ಹಾಗೇ ಚಾಲೂ ಮಾಡಿದರೆ ಆ ನೀರೆಲ್ಲ ಒಮ್ಮೆಗೇ ತೊಟ್ಟಿಗೆ ಬಂತು. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಇದನ್ನು ಮೊದಲು ನೆನಪಿಡಬೇಕು. ‘ತಾನೇ ನಿಯಂತ್ರಿಸಿಕೊಳ್ಳುತ್ತದೆ’ ಎಂಬ ಮಾತು ನಿಲ್ಲುವುದಿಲ್ಲ. ಕೈಯಲ್ಲಿದ್ದ ಅಳತೆಯ ಲೋಟ ಹೋಗಿ ನಲ್ಲಿಯ ತಿರುಪು ಬಂದಿದೆ, ಅಷ್ಟೆ.

ಇಷ್ಟು ಯಂತ್ರದ ಮಾತಾಯಿತು. ಹವಳಕ್ಕೆ ಏನು ಬೇಕು?

1995ರಲ್ಲಿ ಮಾರ್ಲಿನ್ ಅಟ್ಕಿನ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು ಹವಾಯಿಯ ವೈಕಿಕಿ ಅಕ್ವೇರಿಯಂನ ತೊಟ್ಟಿಗಳ ರಸಾಯನವನ್ನು ವಿವರವಾಗಿ ಪ್ರಕಟಿಸಿದರು. ಆ ತೊಟ್ಟಿಗಳಿಗೆ ಬರುತ್ತಿದ್ದುದು ಬಾವಿಯ ಉಪ್ಪುನೀರು. ತೊಟ್ಟಿಗಳಲ್ಲಿ ನೈಟ್ರೇಟ್ ಸುಮಾರು 0.3 ಪಿಪಿಎಂ, ಫಾಸ್ಫೇಟ್ 0.06ರ ಹತ್ತಿರ. ಅಕ್ವೇರಿಯಂ ಹವ್ಯಾಸಿಗೆ ಇದು ಸೊಗಸಾದ ಕಡಿಮೆ ಅಂಕಿ ಅನ್ನಿಸಬಹುದು, ಆದರೆ ಹೆಚ್ಚಿನ ಹವಳದ ದಿಬ್ಬಗಳ ನೀರಿಗೆ ಹೋಲಿಸಿದರೆ ಹಲವು ಪಟ್ಟು ಹೆಚ್ಚು. ಅಂಥ ನೀರಿನಲ್ಲಿ 57 ಜಾತಿಯ ಹವಳಗಳು ಬದುಕಿದ್ದವು, ಅವುಗಳ ಬೆಳವಣಿಗೆಯ ವೇಗ ಸಮುದ್ರದಲ್ಲಿ ದಾಖಲಾದ ವೇಗಗಳ ಮೇಲಿನ ತುದಿಯಲ್ಲಿತ್ತು. ಹವಳ ಬೆಳೆಯಲು ಬರಡು ನೀರೇ ಬೇಕು ಎಂಬುದು ತೀರಾ ಸರಳಗೊಳಿಸಿದ ಮಾತು ಎಂದು ಅವರು ತೀರ್ಮಾನಿಸಿದರು. ಹವ್ಯಾಸಿಗಳು ಆ ಪ್ರಬಂಧವನ್ನು ಇಲ್ಲಿಯವರೆಗೆ ಮಾತ್ರ ಉದಾಹರಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದರ ಇನ್ನೊಂದು ಸಾಲಿನ ಅಂಕಿ: ಆ ತೊಟ್ಟಿಗಳಲ್ಲಿ ಕರಗಿದ ಸಾವಯವ ಸಾರಜನಕ ಮತ್ತು ಸಾವಯವ ರಂಜಕ ಉಷ್ಣವಲಯದ ಮೇಲ್ಪದರದ ಸಮುದ್ರಕ್ಕಿಂತಲೂ ಕಡಿಮೆಯಿದ್ದವು. ನಿರವಯವ ಪೋಷಕಾಂಶ ಹೆಚ್ಚು, ಸಾವಯವ ದ್ರವ್ಯ ಕಡಿಮೆ. ಇಂಗಾಲ ಹಾಕಿ ನೈಟ್ರೇಟ್ ಇಳಿಸುವವನು ಮಾಡಲು ಹೊರಟಿರುವುದು ಇದರ ನೇರ ವಿರುದ್ಧ.

ಹನ್ನೊಂದು ವರ್ಷದ ನಂತರ, 2006ರಲ್ಲಿ, ಡೇವಿಡ್ ಕ್ಲೈನ್ ಮತ್ತು ಫಾರೆಸ್ಟ್ ರೋವರ್ ಅವರ ತಂಡ ಈ ಎರಡನ್ನೂ ಎದುರುಬದುರು ನಿಲ್ಲಿಸಿ ನೋಡಿತು. ಕೆರಿಬಿಯನ್ ಹವಳದ ತುಣುಕುಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿಟ್ಟು ಕೆಲವಕ್ಕೆ ನೈಟ್ರೇಟ್, ಫಾಸ್ಫೇಟ್, ಅಮೋನಿಯಾ ಕೊಟ್ಟರು; ಕೆಲವಕ್ಕೆ ಗ್ಲೂಕೋಸ್‌ನಂಥ ಸಕ್ಕರೆಗಳನ್ನು ಕೊಟ್ಟರು. ನಾವು ವಾರವಾರ ಅಳೆಯುವ ವಸ್ತುಗಳಿಂದ ಗಣನೀಯ ಸಾವಾಗಲಿಲ್ಲ. ಸಕ್ಕರೆ ಕುಡಿದ ಹವಳಗಳು ಸತ್ತವು. ಹವಳದ ಮೈ ಮೇಲಿನ ಲೋಳೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಕರಗಿದ ಇಂಗಾಲ ಸಿಕ್ಕಿದ ಕೂಡಲೇ ಹತ್ತು ಪಟ್ಟಿನಷ್ಟು ವೇಗವಾಗಿ ಬೆಳೆದಿದ್ದವು. ಲೋಳೆಯಲ್ಲಿನ ಆ ಸಹವಾಸಿಗಳು ಮಿತಿಯಲ್ಲಿದ್ದಾಗ ಹವಳಕ್ಕೆ ಕಾವಲು, ಮಿತಿಮೀರಿದರೆ ಉಸಿರು ಕಟ್ಟಿಸುವ ಗುಂಪು.

ಪ್ರಯೋಗಾಲಯದಲ್ಲಿ ಸುರಿದ ಸಕ್ಕರೆಯ ಪ್ರಮಾಣಕ್ಕೂ ಮನೆಯ ತೊಟ್ಟಿಗೆ ಬೀಳುವ ಹನಿಗಳಿಗೂ ಸಮ ಕಟ್ಟಲಾಗದು, ನಿಜ. ವೋಡ್ಕಾ ಹಾಕಿ ವರ್ಷಗಟ್ಟಲೆ ಸುಂದರ ಹವಳ ಬೆಳೆಸಿದವರು ಇದ್ದಾರೆ, ಅವರ ತೊಟ್ಟಿಗಳನ್ನು ಅಲ್ಲಗಳೆಯುವುದು ಮೂರ್ಖತನ. ನನ್ನ ಮಾತು ಇಷ್ಟೇ: ಹವಳಕ್ಕೆ ಅಷ್ಟಾಗಿ ಕೇಡು ಮಾಡದ, ಆದರೆ ನಮ್ಮ ಕೊಳವೆಯಲ್ಲಿ ಬಣ್ಣ ತೋರಿಸುವ ವಸ್ತುವನ್ನು ಇಳಿಸಲು ಹೋಗಿ, ಹವಳಕ್ಕೆ ನಿಜಕ್ಕೂ ಕೇಡು ಮಾಡಬಲ್ಲ, ಆದರೆ ನಮ್ಮ ಕೊಳವೆಗೆ ಕಾಣಿಸದ ವಸ್ತುವನ್ನು ಸೇರಿಸುತ್ತಿದ್ದೇವೆ. ಇದು ತಿಳಿದೂ ಮಾಡುವ ವ್ಯವಹಾರವಾದರೆ ಸರಿ. ತಿಳಿಯದೆ ಮಾಡಿದರೆ ಕುರುಡು ಜೂಜು.

ಘನ ಇಂಗಾಲದ ಪರವಾಗಿ ನಾನು ಮಾತಾಡುವುದು ಇಲ್ಲಿಯೇ. ವೋಡ್ಕಾ, ವಿನಿಗರ್, ಸಕ್ಕರೆ ತೊಟ್ಟಿಗೆ ಬಿದ್ದ ಕ್ಷಣ ನೀರಿನ ತುಂಬ ಹರಡುತ್ತವೆ. ಹವಳದ ಲೋಳೆಗೂ ಪಾಲು ಸಿಗುತ್ತದೆ. ಪೆಲೆಟ್ ಕರಗುವುದಿಲ್ಲ. ಅದರ ಮೇಲೆ ಕೂತ ಬ್ಯಾಕ್ಟೀರಿಯಾ ಕಿಣ್ವವನ್ನು ಹೊರಗೆ ಬಿಟ್ಟು ಪಾಲಿಮರನ್ನು ಚೂರು ಮಾಡಿ, ಚೂರನ್ನು ಅಲ್ಲಿಯೇ ನುಂಗುತ್ತದೆ. ಊಟವೂ ಉಣ್ಣುವವರೂ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಬಂದಿ. ತತ್ವಶಃ ಇದು ದ್ರವ ಇಂಗಾಲಕ್ಕಿಂತ ಒಂದು ಮೆಟ್ಟಿಲು ಮೇಲೆ. ಇದನ್ನು ನೋಡಿದರೆ ಪೆಲೆಟಿನ ಯೋಗ್ಯತೆಯನ್ನು ಅದು ನೈಟ್ರೇಟ್ ಎಷ್ಟು ಇಳಿಸಿತು ಎಂಬುದರಿಂದ ಅಳೆಯಬಾರದು, ಇಂಗಾಲವನ್ನು ಎಷ್ಟರಮಟ್ಟಿಗೆ ಡಬ್ಬಿಯೊಳಗೆ ಹಿಡಿದಿಟ್ಟಿತು ಎಂಬುದರಿಂದ ಅಳೆಯಬೇಕು.

ಪೂರ್ತಿ ಹಿಡಿದಿಡುವುದಿಲ್ಲ. ಕಿಣ್ವ ಕೆಲಸ ಮಾಡುವುದು ಜೀವಕೋಶದ ಹೊರಗೆ, ಆದ್ದರಿಂದ ಚೂರಾದದ್ದೆಲ್ಲ ಚೂರು ಮಾಡಿದವನ ಬಾಯಿಗೇ ಬೀಳುವುದಿಲ್ಲ. ಹರಿಯುವ ನೀರಿನ ಜೊತೆ ಒಂದಿಷ್ಟು ಹೊರಟುಹೋಗುತ್ತದೆ. ಪೆಲೆಟ್‌ಗಳು ಒಂದಕ್ಕೊಂದು ತಿಕ್ಕಿ ಬ್ಯಾಕ್ಟೀರಿಯಾ ಪದರ ಲೋಳೆಯಾಗಿ ಕಳಚಿ ಬರುತ್ತದೆ. ಪೆಲೆಟ್ ಹಾಕಿದ ತೊಟ್ಟಿಗಳಲ್ಲಿ ಮರಳಿನ ಮೇಲೆ ಕೆಂಪು ಸಯನೊಬ್ಯಾಕ್ಟೀರಿಯಾದ ಹೊದಿಕೆ ಕಾಣಿಸಿಕೊಳ್ಳುತ್ತದೆ ಎಂಬ ದೂರು ವ್ಯಾಪಕವಾಗಿದೆ. ಅದು ಈ ಸೋರಿಕೆಯ ಗುರುತೆಂಬುದು ನನ್ನ ಊಹೆ. ಸೋರಿದ್ದನ್ನು ಸ್ಕಿಮ್ಮರ್ ಹಿಡಿಯುತ್ತದಲ್ಲ ಎನ್ನುವವರಿಗೆ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ತಂಡದ ಅಳತೆಗಳು ನಿರಾಸೆ ತರುತ್ತವೆ: ಅವರು ಪರೀಕ್ಷಿಸಿದ ಸ್ಕಿಮ್ಮರ್‌ಗಳು ಅಗ್ಗವಿರಲಿ ದುಬಾರಿಯಿರಲಿ, ನೀರಿನ ಒಟ್ಟು ಸಾವಯವ ಇಂಗಾಲದಲ್ಲಿ ಶೇ 20ರಿಂದ 30ರಷ್ಟನ್ನು ಮಾತ್ರ ತೆಗೆದವು. ಉಳಿದದ್ದು ನೊರೆಗೆ ಅಂಟುವ ಜಾತಿಯದಲ್ಲ. ರಿಯಾಕ್ಟರಿನಿಂದ ಹೊರಬರುವ ಕೊಳವೆಯನ್ನು ಸ್ಕಿಮ್ಮರ್ ನೀರೆಳೆಯುವ ಬಾಯಿಗೇ ಹಿಡಿಯಬೇಕು ಎಂಬ ಹಳೆಯ ಬುದ್ಧಿಮಾತಿಗೆ ಈಗಲೂ ಬೆಲೆಯಿದೆ. ಲೋಳೆಯ ತುಂಡುಗಳು ಸಿಗುತ್ತವೆ, ಆಮ್ಲಜನಕ ಕಳೆದುಕೊಂಡ ನೀರಿಗೆ ಗಾಳಿಯೂ ಸೇರುತ್ತದೆ. ಆದರೆ ಅದನ್ನು ಜರಡಿ ಎಂದು ನಂಬಿ ಪೆಲೆಟ್ ಎರಡು ಪಟ್ಟು ಸುರಿಯುವುದು ಬೇಡ. ಸೋರಿಕೆಯ ಲೆಕ್ಕದಲ್ಲಿ ನಿಜವಾದ ಸಹಾಯಕ ಹಳೆಯ ಆಕ್ಟಿವೇಟೆಡ್ ಕಾರ್ಬನ್. ಅದರ ಚೀಲವೊಂದು ತೊಟ್ಟಿಯ ಕೆಳಗಿನ ಸಂಪಿನಲ್ಲಿರಲಿ.

ಇನ್ನು ಸೊನ್ನೆಯ ಹುಚ್ಚು. ಪೆಲೆಟ್ ಚೆನ್ನಾಗಿ ಕೆಲಸ ಮಾಡಿದ ತೊಟ್ಟಿಗಳಲ್ಲಿ ದೊಡ್ಡ ಅನಾಹುತ ಶುರುವಾಗುವುದು ಕೊಳವೆಯಲ್ಲಿ ಬಣ್ಣವೇ ಏಳದ ದಿನದಿಂದ. ದಿಬ್ಬದ ಸುತ್ತಲಿನ ನೀರಿನಲ್ಲೂ ಸೊನ್ನೆಯೇ ಅಲ್ಲವೆ ಎಂದು ಕೇಳಬಹುದು. ಅಲ್ಲಿನ ಸೊನ್ನೆ ಬೇರೆ. ಸಮುದ್ರದಲ್ಲಿ ಪ್ರತಿ ಲೀಟರಿನಲ್ಲಿರುವುದು ಕಡಿಮೆ, ಆದರೆ ಹವಳದ ಮೇಲೆ ಹಗಲೂ ರಾತ್ರಿ ಹಾದುಹೋಗುವ ಲೀಟರುಗಳಿಗೆ ಲೆಕ್ಕವಿಲ್ಲ. ಆ ನೀರಿನಲ್ಲಿ ಪ್ಲಾಂಕ್ಟನ್ ಇದೆ, ಬ್ಯಾಕ್ಟೀರಿಯಾ ಇದೆ, ಮೇಲೆ ಈಜುವ ಸಾವಿರ ಮೀನಿನ ಹಿಕ್ಕೆ ಇದೆ. ದಾಸ್ತಾನು ಸೊನ್ನೆ, ಹರಿವು ಅಪಾರ. ಮನೆಯ ತೊಟ್ಟಿಯಲ್ಲಿ ದಾಸ್ತಾನನ್ನೂ ಸೊನ್ನೆ ಮಾಡಿ ಹರಿವನ್ನೂ ಸಣ್ಣದಾಗಿಟ್ಟರೆ ಅದು ಉಪವಾಸ. ಹವಳದ ಬಣ್ಣ ಮಾಸಿ ತಿಳಿಯಾಗುತ್ತದೆ. ಕೆಲವರು ಅದನ್ನೇ ಸೌಂದರ್ಯವೆಂದು ಫೋಟೋ ತೆಗೆಯುತ್ತಾರೆ!

ಪೋಷಕಾಂಶ ಬತ್ತಿದ ಇಂಥ ತೊಟ್ಟಿಗಳಲ್ಲೇ ಡೈನೊಫ್ಲಾಜೆಲೇಟ್‌ಗಳ ಕಂದು ಲೋಳೆ ಎದ್ದು ಹವಳ, ಕಲ್ಲು, ಮರಳು ಎಲ್ಲವನ್ನೂ ಮುಚ್ಚುವುದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಆಸ್ಟ್ರಿಯಾಪ್ಸಿಸ್ ಕುಲದವಾದರೆ ಅವು ವಿಷವನ್ನೂ ಸುರಿಸುತ್ತವೆ, ಅದನ್ನು ಮೇಯ್ದ ಬಸವನಹುಳುಗಳು ಸಾಯುತ್ತವೆ. ಪಾಚಿಯೂ ಸಾಮಾನ್ಯ ಬ್ಯಾಕ್ಟೀರಿಯಾವೂ ಹಸಿದು ಹಿಂದೆ ಸರಿದಾಗ ತೆರವಾದ ಜಾಗವನ್ನು ಹಸಿವು ತಾಳಬಲ್ಲವು ಹಿಡಿಯುತ್ತವೆ. ಅದರ ಚಿಕಿತ್ಸೆಗೆಂದು ಜನ ಮತ್ತೆ ನೈಟ್ರೇಟ್, ಫಾಸ್ಫೇಟ್ ಉಪ್ಪುಗಳನ್ನು ಕೊಂಡು ತಂದು ತೊಟ್ಟಿಗೆ ಹಾಕುತ್ತಾರೆ. ಒಂದು ಕೈಯಲ್ಲಿ ತೆಗೆಯಲು ದುಡ್ಡು, ಇನ್ನೊಂದು ಕೈಯಲ್ಲಿ ತುಂಬಲು ದುಡ್ಡು.

ಎರಡರಲ್ಲಿ ಫಾಸ್ಫೇಟ್ ಬರಿದಾಗುವುದು ಹೆಚ್ಚು ಅಪಾಯ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಯಾರ್ಗ್ ವೀಡೆನ್‌ಮನ್ ತಂಡ 2013ರಲ್ಲಿ ತೋರಿಸಿದಂತೆ, ನೈಟ್ರೇಟ್ ಹೆಚ್ಚಿದ್ದು ಫಾಸ್ಫೇಟ್ ಸಿಗದೆ ಹೋದಾಗ ಹವಳದೊಳಗಿನ ಸಹಜೀವಿ ಪಾಚಿ ರಂಜಕದ ಬರದಲ್ಲಿ ಬೆಳೆಯುತ್ತದೆ. ಅದರ ಜೀವಕೋಶದ ಪೊರೆಗಳ ರಚನೆ ಬದಲಾಗಿ, ಬಿಸಿಲು ಶಾಖಗಳ ಒತ್ತಡಕ್ಕೆ ಹವಳ ಬೇಗ ಬಿಳಿಚಿಕೊಳ್ಳುತ್ತದೆ. ಪೆಲೆಟ್ ಫಾಸ್ಫೇಟ್ ಇಳಿಸಲಿಲ್ಲವೆಂದು ಅವಸರಪಟ್ಟು ಕಬ್ಬಿಣದ ಆಕ್ಸೈಡ್ ಧಾರಾಳವಾಗಿ ತುಂಬುವವರು ತಮಗರಿವಿಲ್ಲದೆ ನಿರ್ಮಿಸುವುದು ಇದೇ ಪರಿಸ್ಥಿತಿಯನ್ನು. ನೈಟ್ರೇಟ್ ಐದು ಹತ್ತರಲ್ಲಿ, ಫಾಸ್ಫೇಟ್ 0.03ರಿಂದ 0.1ರ ನಡುವೆ ನಿಂತ ತೊಟ್ಟಿಯಲ್ಲಿ ಹವಳ ಬೆಳೆಯುತ್ತಿದೆಯೆಂದರೆ ಅಲ್ಲಿ ತೆಗೆಯಬೇಕಾದದ್ದು ಏನೂ ಇಲ್ಲ ಎಂಬುದು ನನ್ನ ನಿಲುವು. ಪರೀಕ್ಷೆಯ ಪೆಟ್ಟಿಗೆಯನ್ನು ಕಪಾಟಿನಲ್ಲಿಡಬಹುದು.

ಬೇರೆ ದಾರಿಗಳು ಇಲ್ಲವೆ? ಇವೆ, ಯಾವುದೂ ಪರಿಶುದ್ಧವಲ್ಲ. ಸಂಪಿನಲ್ಲಿ ಕೀಟೊಮಾರ್ಫಾ ಪಾಚಿ ಬೆಳೆಸಿ ಹಿಡಿ ಹಿಡಿ ಕಿತ್ತೆಸೆಯುವುದು ಹಳೆಯ ವಿಧಾನ. ಕಿತ್ತದ್ದು ಕಣ್ಣೆದುರಿಗೇ ಬಕೆಟ್ಟಿಗೆ ಬೀಳುತ್ತದೆ, ನನಗೆ ಅದು ಇಷ್ಟ. ಆದರೆ ಪಾಚಿಯೂ ಕರಗಿದ ಇಂಗಾಲವನ್ನು ನೀರಿಗೆ ಬಿಡುತ್ತದೆ; ಸಮುದ್ರದಲ್ಲಿ ಪಾಚಿ ಹೆಚ್ಚಿದ ದಿಬ್ಬಗಳಲ್ಲಿ ಹವಳ ಸೊರಗಲು ಅದೂ ಒಂದು ಕಾರಣವೆಂಬ ವಾದವನ್ನು ಬೆಳೆಸಿದ್ದು ಇದೇ ರೋವರ್ ಗುಂಪು. ಗಂಧಕದ ಹರಳುಗಳ ಮೇಲೆ ಬದುಕುವ ಬ್ಯಾಕ್ಟೀರಿಯಾಗಳು ಸಾವಯವ ಇಂಗಾಲವಿಲ್ಲದೆಯೇ ನೈಟ್ರೇಟನ್ನು ಅನಿಲವಾಗಿಸುತ್ತವೆ, ಆದರೆ ನೀರನ್ನು ಹುಳಿಯಾಗಿಸಿ ಕ್ಷಾರಗುಣ ತಿನ್ನುತ್ತವೆ. ನೀರು ಬದಲಿಸುವುದು ಎಲ್ಲಕ್ಕಿಂತ ಪ್ರಾಮಾಣಿಕ ಉಪಾಯ, ಸಾವಯವ ನಿರವಯವ ಎಂದು ಭೇದ ಮಾಡದೆ ಎಲ್ಲವನ್ನೂ ತೆಗೆಯುತ್ತದೆ. ಒಳನಾಡಿನಲ್ಲಿ ಇದ್ದುಕೊಂಡು ಕೊಂಡ ಉಪ್ಪಿನಿಂದ ಸಮುದ್ರದ ನೀರು ಕಲಸುವವರಿಗೆ ಅದರ ಬೆಲೆ ಗೊತ್ತು. (ಭಾರತದಲ್ಲಿ ಇನ್ನೊಂದು ಮಾತೂ ಇದೆ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಹುಲಿ ಆನೆಗಳ ಜೊತೆಗೇ ಇವೆ. ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಕೈತುಂಡು ಹವಳ ಮುರಿದು ತಂದವನ ಮೊದಲ ಸಮಸ್ಯೆ ನೈಟ್ರೇಟ್ ಆಗಿರುವುದಿಲ್ಲ.)

ಹಾಗಾದರೆ ಪೆಲೆಟ್ ಯಾರಿಗೆ? ಮೀನು ಹೆಚ್ಚಿರುವ, ಆಹಾರ ಕಡಿಮೆ ಮಾಡಲು ಆಗದ, ನೈಟ್ರೇಟ್ ಮೂವತ್ತು ನಲವತ್ತು ದಾಟಿ ಏರುತ್ತಲೇ ಇರುವ ದೊಡ್ಡ ತೊಟ್ಟಿಗಳಿಗೆ. ಅಲ್ಲಿ ಇಂಗಾಲದ ಅಪಾ­ಯಕ್ಕಿಂತ ಸಾರಜನಕದ ಹೊರೆ ದೊಡ್ಡದು, ಫಾಸ್ಫೇಟೂ ಧಾರಾಳ ಇರುತ್ತದೆ. ಚೀಲದ ಮೇಲೆ ಬರೆದ ಪ್ರಮಾಣದ ಕಾಲುಭಾಗದಿಂದ ಆರಂಭಿಸಿ ಎರಡು ತಿಂಗಳು ತಾಳ್ಮೆಯಿಂದ ಕಾಯುವವರಿಗೆ ಮಾತ್ರ. ಮೊದಲ ತಿಂಗಳು ಏನೂ ಆಗಲಿಲ್ಲವೆಂದು ಇನ್ನೊಂದು ಚೀಲ ಸುರಿದವರೇ ಮೂರನೆಯ ತಿಂಗಳು ಪರಿತಪಿಸುವವರು. ಕೊಳ್ಳುವಾಗ ಪಾಲಿಮರ್ ಯಾವುದೆಂದು ಕೇಳಬೇಕು. ಪಿಎಚ್‌ಬಿ ಬ್ಯಾಕ್ಟೀರಿಯಾ ತಯಾರಿಸಿದ್ದು, ಪಾಲಿಕ್ಯಾಪ್ರೊಲ್ಯಾಕ್ಟೋನ್ ಪೆಟ್ರೋಲಿಯಂ ಮೂಲದ್ದು, ಎರಡೂ ಕೊಳೆಯುತ್ತವೆಯಾದರೂ ಒಂದೇ ವೇಗದಲ್ಲಲ್ಲ. ಹೆಸರು ಹೇಳದ ಮಾಲನ್ನು ನಾನಂತೂ ಮುಟ್ಟುವುದಿಲ್ಲ.

ನೈಟ್ರೇಟ್ ಹತ್ತಕ್ಕೆ ಬಂದ ಮೇಲೆ ಸವೆದ ಪೆಲೆಟ್‌ಗೆ ಬದಲು ಹೊಸದು ತುಂಬದೆ ಬಿಡುವುದು ಒಳ್ಳೆಯದು. ಒಮ್ಮೆಗೇ ರಿಯಾಕ್ಟರ್ ಕಿತ್ತರೆ ನೈಟ್ರೇಟ್ ಜಿಗಿಯುತ್ತದೆ. ತಾನಾಗಿ ಸವೆಯಲು ಬಿಟ್ಟರೆ ತಿಂಗಳುಗಳ ಕಾಲ ಮೆಲ್ಲಗೆ ಏರುತ್ತ ಎಲ್ಲಿ ನಿಲ್ಲುತ್ತದೆಂದು ತಿಳಿಯುತ್ತದೆ. ಎಷ್ಟೋ ತೊಟ್ಟಿಗಳಲ್ಲಿ ಅದು ಹದಿನೈದರ ಆಸುಪಾಸಿನಲ್ಲಿ ನಿಂತೀತು. ಅಷ್ಟಕ್ಕೆ ಹವಳ ಕೊರಗದಿದ್ದರೆ ಡಬ್ಬಿಯನ್ನು ತೊಳೆದು ಒಣಗಿಸಿಡಬಹುದು.